ಬೆಲೆಪಟ್ಟಿಯಲ್ಲಿ ಇಲ್ಲದ ಬಟ್ಟೆ
(ಉಪನ್ಯಾಸವೊಂದರ ಲಿಖಿತ ರೂಪ)

ಶಿಕಾರಿಪುರ ಮತ್ತು ಸೊರಬ ಶಾಸನಗಳ ಸೀಮೆ. ತಾಳಗುಂದ, ಬಳ್ಳಿಗಾವಿ, ಬಂದಳಿಕೆ, ಕುಪ್ಪಟೂರು ಎಂದು ಹೆಸರು ಹೇಳುತ್ತ ಹೋದರೆ ಊರಿಗಿಂತ ಮೊದಲು ಅಲ್ಲಿನ ಕಲ್ಲುಗಳು ನೆನಪಾಗುತ್ತವೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ, ಎಂಟನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದರು. ಯಾವ ದೇವರಿಗೆ ಎಷ್ಟು ಗದ್ದೆ ಬಿಟ್ಟರು, ಯಾವ ಸರಕಿನ ಸುಂಕವನ್ನು ದತ್ತಿಯಾಗಿ ಕೊಟ್ಟರು, ತುರುಗಾಳಗದಲ್ಲಿ ಮಡಿದ ವೀರ ಯಾರು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆ ವೀರ ಹುಟ್ಟಿದ ದಿನ ಅವನನ್ನು ಎಂಥ ಬಟ್ಟೆಯಲ್ಲಿ ಸುತ್ತಿದ್ದರು ಎಂಬುದನ್ನು ಮಾತ್ರ ಯಾವ ಕಲ್ಲೂ ಹೇಳುವುದಿಲ್ಲ.

ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಹುಟ್ಟಿದ ಪ್ರತಿಯೊಬ್ಬ ಮನುಷ್ಯನಿಗೂ ಸಂಬಂಧಿಸಿದ ವಸ್ತು ಇದು. ಅಮೆರಿಕದಲ್ಲಿ ಯಾರಾದರೂ ಇದೇ ಪ್ರಶ್ನೆ ಕೇಳಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ಅಲ್ಲಿ ಅದಕ್ಕೆ ಬೆಲೆಪಟ್ಟಿಗಳಿವೆ.

ಷಿಕಾಗೊ ನಗರದ ಮಾಂಟ್ಗೊಮೆರಿ ವಾರ್ಡ್ ಎಂಬ ವ್ಯಾಪಾರಿ 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿ ಅಚ್ಚು ಹಾಕಿಸಿ ಹಳ್ಳಿಗಳ ರೈತರಿಗೆ ಕಳಿಸಿದ. ಮುಂದೆ ಸಿಯರ್ಸ್ ರೋಬಕ್ ಕಂಪನಿಯ ಬೆಲೆಪಟ್ಟಿ ನೂರಾರು ಪುಟಗಳ ದಪ್ಪ ಪುಸ್ತಕವಾಗಿ ಮನೆಮನೆಗೂ ಹೋಯಿತು. ನೇಗಿಲು, ಗಡಿಯಾರ, ಹೊಲಿಗೆ ಯಂತ್ರಗಳ ಜೊತೆಗೆ ಕೂಸಿನ ಸಾಮಾನಿಗೂ ಅದರಲ್ಲಿ ಜಾಗವಿತ್ತು. 1940–50ರ ದಶಕಗಳ ಪುಟಗಳನ್ನು ನೋಡಿದರೆ ಕೂಸಿನ ಬಟ್ಟೆ ಡಜನ್ ಲೆಕ್ಕದಲ್ಲಿ ಮಾರಾಟಕ್ಕಿದೆ: ಹಕ್ಕಿಯ ಕಣ್ಣಿನಂತಹ ಸಣ್ಣ ಚೌಕುಳಿ ನೇಯ್ಗೆಯದು, ಮೆತ್ತನೆಯ ಫ್ಲಾನೆಲಿನದು, ತೆಳ್ಳಗಿನ ಜಾಳು ಬಟ್ಟೆಯದು. ಜೊತೆಗೆ ಪಿನ್ನು, ರಬ್ಬರಿನ ಚಡ್ಡಿ. ‘ಡಯಾಪರ್’ ಎಂಬ ಮಾತು ಕೂಡ ಮೊದಲು ಕೂಸಿಗೆ ಸಂಬಂಧಿಸಿದ್ದಲ್ಲ. ಅದು ಸಣ್ಣ ವಜ್ರಾಕೃತಿಗಳಿರುವ ಒಂದು ನೇಯ್ಗೆಯ ಹೆಸರು.

ಅಲ್ಲಿನ ತಾಯಂದಿರ ಕಷ್ಟಗಳೂ ಹೀಗೆಯೇ ದಾಖಲಾಗಿವೆ. ರಬ್ಬರಿನ ಚಡ್ಡಿಯಿಂದ ಕೂಸಿನ ಚರ್ಮ ಕೆಂಪಾಗುತ್ತಿತ್ತು. ಮೇರಿಯನ್ ಡೊನೊವನ್ ಎಂಬ ತಾಯಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ ನೀರು ಇಳಿಯದ ಹೊದಿಕೆ ಹೊಲಿದಳು. ತಯಾರಕರು ಬೇಡವೆಂದರು. 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯೊಂದು ಅದನ್ನು ಮಾರಾಟಕ್ಕಿಟ್ಟಿತು. 1951ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೆ ನೂರು ವರ್ಷ ಮೊದಲೇ, 1849ರಲ್ಲಿ, ಬಟ್ಟೆಗೆ ಚುಚ್ಚುವ ಸೇಫ್ಟಿ ಪಿನ್ನಿಗೆ ವಾಲ್ಟರ್ ಹಂಟ್ ಪೇಟೆಂಟ್ ಪಡೆದಿದ್ದ. ಅಲ್ಲಿ ಪ್ರತಿ ಹೆಜ್ಜೆಗೂ ಒಂದು ಹೆಸರು, ಒಂದು ಇಸವಿ, ಒಂದು ಬೆಲೆ ಇದೆ.

ಇನ್ನು ನಮ್ಮ ಕಡೆಗೆ ಬರೋಣ. ಅಂಚೆಯಲ್ಲಿ ಸಾಮಾನು ತರಿಸುವ ಅನುಕೂಲ ಇಲ್ಲಿ ಇರಲಿಲ್ಲವೆಂದು ತಿಳಿಯಬಾರದು. ಪೊಟ್ಟಣ ಕೈಗೆ ಬಂದಾಗ ಅಂಚೆಯವನಿಗೇ ಹಣ ಕೊಡುವ ವಿ.ಪಿ.ಪಿ. ಪದ್ಧತಿ ಭಾರತದಲ್ಲಿ 1877ರಲ್ಲೇ ಆರಂಭವಾಯಿತು. ಅಮೆರಿಕದ ಅಂಚೆಯಲ್ಲಿ ಅಂಥ ಏರ್ಪಾಡು ಬಂದದ್ದು 1913ರಲ್ಲಿ. ಪಂಚಾಂಗಗಳ ಹಿಂಬದಿಯಲ್ಲಿ, ಪತ್ರಿಕೆಗಳ ಮೂಲೆಯಲ್ಲಿ ಕೈಗಡಿಯಾರ, ಶಕ್ತಿವರ್ಧಕ ಲೇಹ್ಯ, ಪುಸ್ತಕ, ಬೀಜಗಳ ಜಾಹೀರಾತು ಬರುತ್ತಿತ್ತು. ಕಾರ್ಡು ಬರೆದು ಹಾಕಿ, ‘ವಿ.ಪಿ. ಬಂದಿದೆ’ ಎಂದ ದಿನ ದುಡ್ಡು ಹೊಂದಿಸಿ ಬಿಡಿಸಿಕೊಂಡದ್ದು ಹಿರಿಯರಿಗೆ ನೆನಪಿದ್ದೀತು. ಮುಂಬಯಿಯಲ್ಲಿ 1891ರಲ್ಲಿ ತೆರೆದ ಆರ್ಮಿ ಅಂಡ್ ನೇವಿ ಸ್ಟೋರ್ಸ್‌ಗೆ ದಪ್ಪ ಬೆಲೆಪಟ್ಟಿಯೇ ಇತ್ತು. ಆದರೆ ಅದು ದಂಡಿನ ದೊರೆಗಳಿಗೆ. ಊರಿನ ತಾಯಿ ಕೂಸಿನ ಬಟ್ಟೆಗಾಗಿ ಯಾರಿಗೂ ಕಾರ್ಡು ಬರೆಯಲಿಲ್ಲ.

ಕಾರಣ ಬಡತನವೊಂದೇ ಅಲ್ಲ. ಇಲ್ಲಿ ಕೂಸಿಗೆ ಬೇಕಾದದ್ದು ಹಳೆಯ ಬಟ್ಟೆ. ಹಳತನ್ನು ಅಂಗಡಿ ಮಾರುವುದಿಲ್ಲ. ಹೊಸ ನೂಲಿನ ಬಟ್ಟೆಯಲ್ಲಿ ಗಂಜಿಯ ಒರಟು ಇರುತ್ತದೆ. ಹತ್ತಾರು ವರ್ಷ ಉಟ್ಟು, ನೂರಾರು ಸಲ ಒಗೆದ ಸೀರೆಯಲ್ಲಿ ಅದು ಇರುವುದಿಲ್ಲ. ಎಳೆ ಸವೆದಷ್ಟೂ ಬಟ್ಟೆ ಮೆತ್ತಗಾಗುತ್ತದೆ, ನೀರನ್ನು ಬೇಗ ಹೀರುತ್ತದೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ನಾಮಕರಣದವರೆಗೆ ಹಳತೇ ಆಗಬೇಕು ಎಂಬ ನಂಬಿಕೆ ಅನೇಕ ಮನೆಗಳಲ್ಲಿತ್ತು. ಶಾಸ್ತ್ರದ ಮಾತು ಏನೇ ಇರಲಿ, ಕೂಸಿನ ಚರ್ಮದ ಮಟ್ಟಿಗೆ ಅದು ಸರಿಯಾದ ಮಾತಾಗಿತ್ತು.

ಮಗಳಿಗೆ ಏಳನೆಯ ತಿಂಗಳು ತುಂಬಿತೆಂದರೆ ತವರಿನಲ್ಲಿ ತಯಾರಿ ಆರಂಭವಾಗುತ್ತಿತ್ತು. ಅಜ್ಜಿಯ ಸೀರೆ, ಅಜ್ಜನ ಪಂಚೆ ಪೆಟ್ಟಿಗೆಯಿಂದ ಹೊರಬರುತ್ತಿದ್ದವು. ಸಾಲದಿದ್ದರೆ ನೆಂಟರ ಮನೆಯಿಂದ ಕೇಳಿ ತರುವುದರಲ್ಲಿ ನಾಚಿಕೆ ಇರಲಿಲ್ಲ. ಚೌಕವಾಗಿ ಹರಿದು ಒಗೆದು ಮಡಿಸಿಟ್ಟರೆ ಉಚ್ಚೆ ಬಟ್ಟೆ ಸಿದ್ಧ. ಪಿನ್ನು ಬೇಕಿರಲಿಲ್ಲ. ಕೂಸಿನ ಸೊಂಟದಲ್ಲಿ ಉಡಿದಾರವಿತ್ತು. ಮುಂದೆ ಒಂದು ಚುಂಗು, ಹಿಂದೆ ಒಂದು ಚುಂಗು ಸಿಕ್ಕಿಸಿದರೆ ಲಂಗೋಟಿ ನಿಲ್ಲುತ್ತಿತ್ತು. ಉಳಿದ ತುಂಡುಗಳು ಕೌದಿಯೊಳಗೆ ಸೇರಿ ತೊಟ್ಟಿಲಿನ ಹಾಸಿಗೆಯಾಗುತ್ತಿದ್ದವು. ಲಂಗೋಟಿಯೂ ಜೂಲಾದ ಮೇಲೆ ಒಲೆಕಟ್ಟೆ ಒರೆಸುವ ಮಸಿಬಟ್ಟೆಯಾಗಿ ಸವೆದು ಹೋಗುತ್ತಿತ್ತು. ಹೀಗಾಗಿ ಯಾವ ವಸ್ತು ಸಂಗ್ರಹಾಲಯದಲ್ಲೂ ಅದರ ಮಾದರಿ ಸಿಗುವುದಿಲ್ಲ.

ಕಷ್ಟದ ಕಾಲವೆಂದರೆ ಮಳೆಗಾಲ. ಸೊರಬದ ಪಶ್ಚಿಮ ಭಾಗದಲ್ಲಿ ಮಳೆ ಹಿಡಿದರೆ ದಿನಗಟ್ಟಲೆ ಬಿಡದು. ಶಿಕಾರಿಪುರದ ಕಡೆ ಮಳೆ ಕಡಿಮೆಯಾದರೂ ಮೋಡ ಕಡಿಮೆಯಿಲ್ಲ. ಕೂಸೊಂದಕ್ಕೆ ದಿನಕ್ಕೆ ಹತ್ತು ಹದಿನೈದು ಬಟ್ಟೆ ಬೇಕು. ಅವು ಒಣಗುವುದು ಎಲ್ಲಿ? ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಹರವುತ್ತಿದ್ದರು. ಅಗ್ಗಿಷ್ಟಿಕೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಚೂರು ಸಾಂಬ್ರಾಣಿ ಹಾಕಿ, ಬುಟ್ಟಿಯ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಬಾಣಂತಿ ಕೋಣೆಯ ಆ ಪರಿಮಳ ಹಲವರಿಗೆ ಇಂದಿಗೂ ಮೂಗಿನಲ್ಲಿದೆ. ಆದರೆ ಆ ಹೊಗೆಯಲ್ಲಿ ಕುಳಿತವರು ಹೆಂಗಸರು ಎಂಬುದನ್ನೂ ಮರೆಯಬಾರದು. ಕೆರೆಯ ತಣ್ಣೀರಿನಲ್ಲಿ ಅಂಟುವಾಳದ ನೊರೆ ಎಬ್ಬಿಸಿ ಒಗೆದವರೂ ಅವರೇ. ಪುರುಡಿನ ದಿನಗಳ ಬಟ್ಟೆ ಒಗೆಯುವ ಕೆಲಸವನ್ನು ಊರು ಮಡಿವಾಳರ ಮನೆಯವರ ಮೇಲೆ ಹೊರಿಸಿತ್ತು. ಮೈಲಿಗೆ ಎಂದು ಉಳಿದವರು ಮುಟ್ಟದೆ ಬಿಟ್ಟದ್ದನ್ನು ಅವರು ಮುಟ್ಟಿ ಮಡಿ ಮಾಡಿಕೊಟ್ಟರು. ಪ್ರತಿಫಲ ಸುಗ್ಗಿಯಲ್ಲಿ ಆಯದ ಭತ್ತ. ಹಳೆಯದನ್ನು ಹೊಗಳುವಾಗ ಈ ಲೆಕ್ಕವನ್ನೂ ಹೇಳಬೇಕು.

ಈ ಪದ್ಧತಿ ಕುಸಿದದ್ದು ಹೇಗೆ? ಪೊಟ್ಟಣದ ಡಯಾಪರ್ ಬಂದು ಹಳೆಯ ಸೀರೆಯನ್ನು ಓಡಿಸಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಕ್ಕೂ ಮೊದಲೇ ಹಳೆಯ ಸೀರೆ ಬದಲಾಗಿತ್ತು. 1970ರ ದಶಕದ ನಂತರ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಹಳ್ಳಿಗೂ ಬಂದವು. ಬೇಗ ಒಣಗುತ್ತವೆ, ಮಾಸುವುದಿಲ್ಲ, ಹರಿಯುವುದಿಲ್ಲ. ಗದ್ದೆಯಲ್ಲಿ ದುಡಿಯುವ ಹೆಂಗಸಿಗೆ ಅದು ದೊಡ್ಡ ಅನುಕೂಲ. ಆದರೆ ಆ ಸೀರೆ ಎಷ್ಟು ಹಳತಾದರೂ ನೀರು ಹೀರುವುದಿಲ್ಲ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಕೂಸಿಗೆ ಆಗುವ ಬಟ್ಟೆಯೇ ಉಳಿಯಲಿಲ್ಲ. ಅಮೆರಿಕದಲ್ಲಿ ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಭಾರತದ ಪೇಟೆಗಳಲ್ಲಿ ಬಳಸಿ ಎಸೆಯುವ ಡಯಾಪರ್ ಕಾಣಿಸಿಕೊಂಡದ್ದು ಮುಖ್ಯವಾಗಿ 1990ರ ದಶಕದಲ್ಲಿ. ಅದು ಬಂದಾಗ ಜಾಗ ಆಗಲೇ ಖಾಲಿಯಾಗಿತ್ತು.

ಹೊಸದರಿಂದ ತಾಯಿಗೆ ನಿದ್ದೆ ಸಿಕ್ಕಿತು, ಕೆಲಸಕ್ಕೆ ಹೋಗುವ ಹೆಂಗಸಿಗೆ ಬಿಡುವು ಸಿಕ್ಕಿತು. ಅದು ಸಣ್ಣ ಲಾಭವಲ್ಲ. ಆದರೆ ಹಳೆಯ ಲಂಗೋಟಿ ಮಸಿಬಟ್ಟೆಯಾಗಿ ಕೊನೆಗೊಳ್ಳುತ್ತಿತ್ತು, ಈ ಪೊಟ್ಟಣ ಹಳ್ಳದ ದಂಡೆಗೆ ಹೋಗಿ ಬೀಳುತ್ತದೆ. ಬಳಸಿದ ಡಯಾಪರನ್ನು ಸುತ್ತಿ ಬೇರೆಯಾಗಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಬೇಕಾಯಿತು. ಈಗ ನಗರದ ತಾಯಂದಿರು ತೊಳೆದು ಬಳಸುವ ಹತ್ತಿಯ ಲಂಗೋಟಿಯನ್ನು ಮೊಬೈಲಿನಲ್ಲಿ ಆರಿಸುತ್ತಾರೆ. ಚಿತ್ರವಿದೆ, ಅಳತೆಯಿದೆ, ಬೆಲೆಯಿದೆ. ಸಾಮಾನು ಬಂದಾಗ ಹಣ ಕೊಟ್ಟರಾಯಿತು. ಇದು 1877ರ ವಿ.ಪಿ.ಯ ಮೊಮ್ಮಗು. ಅಜ್ಜಿಯ ಪೆಟ್ಟಿಗೆಯಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಕೊನೆಗೂ ಬೆಲೆಪಟ್ಟಿಗೆ ಸೇರಿತು.

ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದರು. ಅದಕ್ಕೆ ಹೊರಗೆ ಬೆಲೆಯಿತ್ತು, ಮಾರುಕಟ್ಟೆಯಿತ್ತು. ಪಕ್ಕದ ಮನೆಯಲ್ಲಿ ಹರಿದ ಸೀರೆಯಿಂದ ಕೂಸಿನ ಬಟ್ಟೆ ಮಾಡುತ್ತಿದ್ದ ಹೆಂಗಸಿನ ಕೌಶಲ ಯಾರ ಬರಹಕ್ಕೂ ಸಿಗಲಿಲ್ಲ. ಮಾರಾಟವಾದದ್ದು ಚರಿತ್ರೆಯಲ್ಲಿ ಉಳಿಯಿತು, ಮಾರಾಟವಾಗದ್ದು ಸವೆದು ಹೋಯಿತು. ಅದರ ಶಾಸನ ಇರುವುದು ಎಂಬತ್ತು ದಾಟಿದ ಅಜ್ಜಿಯರ ನೆನಪಿನಲ್ಲಿ ಮಾತ್ರ. ಎಷ್ಟು ಮಡಿಕೆ, ಯಾವ ಸೀರೆ, ಮಳೆಯಲ್ಲಿ ಒಣಗಿಸಿದ್ದು ಹೇಗೆ, ಒಗೆದವರು ಯಾರು ಎಂದು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಲು ಒಂದು ನೋಟ್‌ಬುಕ್ಕು ಸಾಕು. ಕಲ್ಲಿನ ಶಾಸನ ಇನ್ನೂ ಸಾವಿರ ವರ್ಷ ಕಾಯಬಲ್ಲದು. ಇದು ಕಾಯಲಾರದು.