ಎರಡು ವರ್ಷದ ಹಿಂದಿ

ಪುಣೆಯ ಹಿಂಜವಡಿಯಲ್ಲಿ ನಾನಿರೋ ಅಪಾರ್ಟ್‌ಮೆಂಟಿನ ವಾಚ್‌ಮನ್ ಜೊತೆ 2 ವರ್ಷ ನಾನಾಡಿದ್ದು ಒಂದೇ ಮಾತು, ಅದೂ ಹಿಂದಿಯಲ್ಲಿ: 'ಭಯ್ಯಾ, ಪಾರ್ಸೆಲ್ ಆಯಾ ಕ್ಯಾ?'

ಮೊನ್ನೆ ರಾತ್ರಿ 11ಕ್ಕೆ ಕ್ಯಾಬ್ ಇಳಿದಾಗ ಅವರು ಫೋನಿನಲ್ಲಿ ಮಗಳಿಗೆ ಹೇಳ್ತಿದ್ರು: 'ಊಟ ಮಾಡಿ ಮಕ್ಕೋ ಯವ್ವಾ, ಫೀಸು ನಾಳೆ ಕಳಿಸ್ತೀನಿ.'

ನಿಂತುಬಿಟ್ಟೆ. 'ಯಾವೂರಣ್ಣ?'

'ಅಫಜಲಪುರ ರೀ. ನೀವೂ ನಮ್ಮವರೇನ್ರಿ?'

ಊರಿಗೆ ಇಬ್ಬರೂ ಹೋಗೋದು ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೇ. ಅವರು ಜನರಲ್ ಬೋಗಿಯಲ್ಲಿ ಕಲಬುರಗಿವರೆಗೆ, ನಾನು ಎಸಿಯಲ್ಲಿ ಬೆಂಗಳೂರಿಗೆ.

'ಇಲ್ಲಿ ಕನ್ನಡ ಕಿವಿಗೇ ಬೀಳಲ್ಲ' ಅಂತ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಗೋಳಾಡಿದವನು ನಾನೇ. ಕನ್ನಡ ಗೇಟಿನಲ್ಲೇ ಕೂತಿತ್ತು. ನಾನು ಅವರ ಹೆಸರನ್ನೂ ಕೇಳಿರಲಿಲ್ಲ.

ಇವತ್ತು ಮನೆಗೆ ಹೋಗುವಾಗ ನಿಮ್ಮ ಗೇಟಿನಲ್ಲೂ ಒಮ್ಮೆ ನಿಂತು, 'ಯಾವೂರು?' ಅಂತ ಕೇಳಿ ನೋಡಿ.