ಸಂಗೀತ ಶಿಕ್ಷಕ ಲೂಯಿ ಬ್ರೈಲ್

(ಶಾಲಾ ಶತಮಾನೋತ್ಸವದ ಅಂಗವಾಗಿ ಜನವರಿ 4ರಂದು ಜರಗಿದ ರಕ್ಷಕ-ಶಿಕ್ಷಕ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಇಂದು ಜನವರಿ 4. ವಿಶ್ವಸಂಸ್ಥೆಯ ನಿರ್ಣಯದಂತೆ 2019ರಿಂದ ಈ ದಿನವನ್ನು ವಿಶ್ವ ಬ್ರೈಲ್ ದಿನವಾಗಿ ಆಚರಿಸಲಾಗುತ್ತಿದೆ. ಬ್ರೈಲ್ ಎಂದೊಡನೆ ಅಂಧರ ಲಿಪಿ ಎಂಬ ಉತ್ತರ ನಮ್ಮ ಐದನೆಯ ತರಗತಿಯ ಮಕ್ಕಳ ಬಾಯಲ್ಲೂ ಬರುತ್ತದೆ. ಆದರೆ ಆ ಹೆಸರಿನ ಮನುಷ್ಯರು ಯಾವ ಕೆಲಸದಿಂದ ಜೀವನ ಸಾಗಿಸಿದರು ಎಂದು ಕೇಳಿದರೆ ಹಿರಿಯರಾದ ನಾವೂ ತಡವರಿಸುತ್ತೇವೆ. ಲೂಯಿ ಬ್ರೈಲ್ ಶಾಲಾ ಶಿಕ್ಷಕರು. ವ್ಯಾಕರಣ, ಇತಿಹಾಸ, ಭೂಗೋಳ, ಗಣಿತಗಳೊಡನೆ ಪಿಯಾನೊ ಮತ್ತು ಚೆಲ್ಲೊ ವಾದ್ಯಗಳನ್ನು ಕಲಿಸಿದವರು. ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸಿದವರು. ಒಂದು ಶಾಲೆಯೊಳಗೆ ಕಲಿತು, ಅದೇ ಶಾಲೆಯಲ್ಲಿ ಕಲಿಸಿ, ಅದೇ ಶಾಲೆಯ ಮಕ್ಕಳಿಗೆ ಅವರದೇ ಆದ ಅಕ್ಷರವನ್ನು ಕೊಟ್ಟುಹೋದ ಆ ಶಿಕ್ಷಕರ ಬದುಕು, ನೂರು ವರ್ಷ ಕನ್ನಡದ ಅಕ್ಷರವನ್ನು ಕಲಿಸಿದ ನಮ್ಮ ಶಾಲೆಗೆ ಪರಕೀಯವಾದುದಲ್ಲವೆಂದು ಭಾವಿಸಿ, ಇಂದಿನ ಮಾತನ್ನು ಅವರಿಗೆ ಮೀಸಲಿಟ್ಟಿದ್ದೇವೆ.

ಪ್ಯಾರಿಸ್ಸಿನ ಪೂರ್ವಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿರುವ ಕೂವ್ರೆ ಎಂಬ ಹಳ್ಳಿಯಲ್ಲಿ 1809ರ ಜನವರಿ 4ರಂದು ಅವರ ಜನನ. ತಂದೆ ಕುದುರೆಯ ಜೀನು, ಲಗಾಮುಗಳನ್ನು ಹೊಲಿಯುವ ಕಸುಬಿನವರು. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ತೊಗಲಿಗೆ ತೂತು ಹಾಕುವ ದಬ್ಬಳವನ್ನು ಹಿಡಿದು ಆಡುತ್ತಿದ್ದಾಗ ಅದು ಕಣ್ಣಿಗೆ ಚುಚ್ಚಿತು. ಗಾಯದ ನಂಜು ಇನ್ನೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣುಗಳ ಬೆಳಕು ಆರಿತು. ಹಳ್ಳಿಯ ಪಾದ್ರಿಯವರು ಆ ಮಗುವಿಗೆ ಪಾಠ ಹೇಳಿದರು. ಊರಿನ ಶಾಲೆಯ ಮೇಷ್ಟ್ರು ಕಣ್ಣುಳ್ಳ ಮಕ್ಕಳ ನಡುವೆಯೇ ಅವನಿಗೂ ಜಾಗ ಕೊಟ್ಟರು. ಅಂಧ ಮಕ್ಕಳೆಂದರೆ ಭಿಕ್ಷೆಗೇ ಮೀಸಲೆಂದು ಲೋಕ ಬಗೆದಿದ್ದ ಕಾಲದಲ್ಲಿ ಹಳ್ಳಿಯ ಶಾಲೆಯೊಂದು ತೆರೆದ ಆ ಬಾಗಿಲು ಸಣ್ಣದಾಗಿರಲಿಲ್ಲ.

1819ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅವರು ಪ್ಯಾರಿಸ್ಸಿನ ಅಂಧ ಮಕ್ಕಳ ರಾಜಕೀಯ ವಿದ್ಯಾಸಂಸ್ಥೆಯನ್ನು ಸೇರಿದರು. ವ್ಯಾಲೆಂಟಿನ್ ಹೌಯ್ ಎಂಬವರು 1780ರ ದಶಕದಲ್ಲಿ ಸ್ಥಾಪಿಸಿದ ಶಾಲೆಯದು. ಕಟ್ಟಡ ಹಳೆಯದು, ಒಳಗೆಲ್ಲ ತೇವ. ಓದಲು ಇದ್ದದ್ದು ಕಾಗದದ ಮೇಲೆ ಉಬ್ಬಿಸಿದ ದೊಡ್ಡ ದೊಡ್ಡ ಲ್ಯಾಟಿನ್ ಅಕ್ಷರಗಳ ಕೆಲವೇ ಪುಸ್ತಕಗಳು. ಒಂದೊಂದೂ ಎತ್ತಲಾರದಷ್ಟು ಭಾರ. ಪ್ರತಿಯೊಂದು ಅಕ್ಷರದ ಗೆರೆ, ಬಾಗುಗಳನ್ನು ಬೆರಳಿನಿಂದ ಸುತ್ತಿ ಸುತ್ತಿ ಗುರುತಿಸುವಾಗ, ವಾಕ್ಯದ ಕೊನೆ ತಲಪುವುದರೊಳಗೆ ಅದರ ಮೊದಲು ಮರೆತುಹೋಗುವ ಸ್ಥಿತಿ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ವಿಧಾನದಲ್ಲಿ ಮಕ್ಕಳು ಹೇಗೋ ಓದಬಹುದಿತ್ತು, ಆದರೆ ಸ್ವತಃ ಬರೆಯುವಂತಿರಲಿಲ್ಲ. ಕಣ್ಣಿಗಾಗಿ ಹುಟ್ಟಿದ ಅಕ್ಷರವನ್ನು ಬೆರಳಿಗೆ ಒಪ್ಪಿಸಿದ್ದರ ಫಲವಿದು.

1821ರಲ್ಲಿ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯೊಬ್ಬರು ಚುಕ್ಕಿಗಳ ಬರವಣಿಗೆಯೊಂದನ್ನು ಆ ಶಾಲೆಯ ಮುಂದಿಟ್ಟರು. ಆರಾರು ಚುಕ್ಕಿಗಳ ಎರಡು ಸಾಲು, ಒಟ್ಟು ಹನ್ನೆರಡು. ಗೆರೆಗಿಂತ ಚುಕ್ಕಿ ಬೆರಳಿಗೆ ಬೇಗ ತಿಳಿಯುತ್ತದೆಂಬುದು ಮಕ್ಕಳಿಗೆ ಕೂಡಲೇ ಮನವರಿಕೆಯಾಯಿತು. ಆದರೆ ಹನ್ನೆರಡು ಚುಕ್ಕಿಗಳು ಬೆರಳ ತುದಿಯ ಅಡಿಯಲ್ಲಿ ಒಮ್ಮೆಗೆ ಹಿಡಿಯುತ್ತಿರಲಿಲ್ಲ. ಅದು ಉಚ್ಚಾರವನ್ನಷ್ಟೇ ಸೂಚಿಸುತ್ತಿದ್ದುದರಿಂದ ಕಾಗುಣಿತಕ್ಕಾಗಲಿ, ವಿರಾಮಚಿಹ್ನೆಗಳಿಗಾಗಲಿ, ಸಂಗೀತದ ಸ್ವರಗಳಿಗಾಗಲಿ ಅಲ್ಲಿ ಸ್ಥಾನವಿರಲಿಲ್ಲ. ಹುಡುಗ ಲೂಯಿ ಅದನ್ನು ತಿದ್ದಲು ಕುಳಿತ. ಪಾಠಗಳ ಬಿಡುವಿನಲ್ಲಿ, ರಜೆಯಲ್ಲಿ ಊರಿಗೆ ಹೋದಾಗ, ಕಾಗದದ ಮೇಲೆ ಚುಚ್ಚುತ್ತ, ಅಳಿಸುತ್ತ, ಮತ್ತೆ ಚುಚ್ಚುತ್ತ ಸಾಗಿದ. ತನ್ನ ಕಣ್ಣನ್ನು ಕಳೆದ ದಬ್ಬಳದಂತಹುದೇ ಮೊನೆ ಈಗ ಅವನ ಲೇಖನಿ. 1824ರ ಸುಮಾರಿಗೆ, ಹದಿನೈದರ ಪ್ರಾಯದಲ್ಲಿ, ಮೂರು ಚುಕ್ಕಿಗಳ ಎರಡು ಸಾಲಿನ ಪದ್ಧತಿ ರೂಪುಗೊಂಡಿತು. ಆರು ಚುಕ್ಕಿಗಳಿಂದ 63 ಜೋಡಣೆಗಳು. ಬೆರಳಿನ ಒಂದೇ ಸ್ಪರ್ಶಕ್ಕೆ ಒಂದು ಅಕ್ಷರ.

ಇಲ್ಲಿ ಸಂಗೀತದ ಪಾತ್ರವನ್ನು ಗಮನಿಸಬೇಕೆಂದು ಕೋರುತ್ತೇವೆ. 1829ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರಿನಲ್ಲಿಯೇ ಪದಗಳು, ಸಂಗೀತ ಮತ್ತು ಚರ್ಚಿನ ಸರಳಗಾನ, ಈ ಮೂರನ್ನೂ ಚುಕ್ಕಿಗಳಿಂದ ಬರೆಯುವ ವಿಧಾನವೆಂದಿದೆ. ಸಂಗೀತವು ಆಮೇಲೆ ಸೇರಿಸಿದ ಅಲಂಕಾರವಾಗಿರಲಿಲ್ಲ. ಆ ಶಾಲೆಯ ಮಕ್ಕಳಿಗೆ ಚರ್ಚಿನ ಆರ್ಗನ್ ವಾದಕರಾಗಿಯೋ ಪಿಯಾನೊ ಶಿಕ್ಷಕರಾಗಿಯೋ ಅನ್ನ ಸಂಪಾದಿಸುವ ದಾರಿಯಿತ್ತು. ಕೈಯಲ್ಲಿ ಬರವಣಿಗೆ ಇಲ್ಲದ ವಾದಕನು ಇನ್ನೊಬ್ಬರು ನುಡಿಸಿ ತೋರಿಸಿದ್ದನ್ನು ಕೇಳಿಯೇ ಕಲಿಯಬೇಕು. ಬರವಣಿಗೆ ಇದ್ದರೆ ಯಾರ ಹಂಗೂ ಇಲ್ಲದೆ ತಾನೇ ಕಲಿಯಬಲ್ಲ, ತಾನು ಕಟ್ಟಿದ ರಾಗವನ್ನು ದಾಖಲಿಸಬಲ್ಲ. ಇಂದು ಬಳಕೆಯಲ್ಲಿರುವ ಬ್ರೈಲ್ ಸಂಗೀತ ಲಿಪಿಯಲ್ಲಿ ಮೇಲಿನ ನಾಲ್ಕು ಚುಕ್ಕಿಗಳು ಸ್ವರ ಯಾವುದೆಂದು ಹೇಳುತ್ತವೆ, ಕೆಳಗಿನ ಎರಡು ಚುಕ್ಕಿಗಳು ಅದನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ತಿಳಿಸುತ್ತವೆ. ಒಂದು ಬೆರಳಗಲದಲ್ಲಿ ಸ್ವರವೂ ಕಾಲಪ್ರಮಾಣವೂ ಸಿಗುತ್ತವೆ.

ಆರ್ಗನ್ ಎಂಬುದು ನಮ್ಮ ಹಾರ್ಮೋನಿಯಂನಂತೆ ಗಾಳಿಯಿಂದ ನುಡಿಯುವ ವಾದ್ಯವಾದರೂ ಗಾತ್ರದಲ್ಲಿ ಒಂದು ಗೋಡೆಯನ್ನೇ ತುಂಬುವಂತಹುದು. ಅಂದ ಹಾಗೆ, ನಮ್ಮ ಭಜನಾ ಮಂದಿರಗಳಿಗೆ ಬಂದು ನಮ್ಮದೇ ಆಗಿಹೋದ ಹಾರ್ಮೋನಿಯಂಗೂ ಆ ಹೆಸರಿನ ಹಕ್ಕುಪತ್ರ ದೊರೆತದ್ದು ಬ್ರೈಲ್ ಜೀವಿಸಿದ್ದಾಗಲೇ, 1840ರ ದಶಕದ ಪ್ಯಾರಿಸ್ಸಿನಲ್ಲಿ. ಆರ್ಗನ್ನಿನಲ್ಲಿ ಒಂದರ ಮೇಲೊಂದು ಮೆಟ್ಟಿಲಾಗಿ ಕೈಮನೆಗಳಿರುತ್ತವೆ, ಕಾಲಿಗೂ ಮನೆಗಳಿರುತ್ತವೆ, ನಾದದ ಬಣ್ಣ ಬದಲಿಸಲು ಎಳೆಯುವ ಗುಬುಟುಗಳಿರುತ್ತವೆ. ಎರಡು ಕೈ, ಎರಡು ಕಾಲು ಏಕಕಾಲದಲ್ಲಿ ದುಡಿಯುವಾಗ ಚುಕ್ಕಿಗಳನ್ನು ಮುಟ್ಟಿ ಓದಲು ಬಿಡುವಾದ ಕೈ ಎಲ್ಲಿದೆ? ಆದ್ದರಿಂದ ಅಂಧ ವಾದಕನು ಒಂದು ಕೈಯಿಂದ ಓದುತ್ತ ಇನ್ನೊಂದರಿಂದ ನುಡಿಸಿ, ಬಲಗೈ ಪಾಠ, ಎಡಗೈ ಪಾಠ, ಕಾಲಿನ ಪಾಠ ಹೀಗೆ ಬೇರೆ ಬೇರೆಯಾಗಿ ಕಂಠಸ್ಥ ಮಾಡಿಕೊಂಡು, ಕೊನೆಗೆ ಎಲ್ಲವನ್ನೂ ಜೋಡಿಸಿ ಪೂಜೆಯ ಹೊತ್ತಿಗೆ ಪುಸ್ತಕವಿಲ್ಲದೆ ಕುಳಿತುಕೊಳ್ಳಬೇಕು. ಲೂಯಿ ಬ್ರೈಲ್ 1834ರಿಂದ ಪ್ಯಾರಿಸ್ಸಿನ ಸೇಂಟ್ ನಿಕೊಲಾ ದೇ ಶಾಂ ಚರ್ಚಿನಲ್ಲಿ, ಮುಂದೆ ಸೇಂಟ್ ವಿನ್ಸೆಂಟ್ ದ ಪಾಲ್ ಚರ್ಚಿನಲ್ಲಿ ಈ ಸೇವೆಯನ್ನು ನಡೆಸಿದರು. ವಾರದ ದಿನಗಳಲ್ಲಿ ಅದೇ ಅಭ್ಯಾಸಕ್ರಮವನ್ನು ಮಕ್ಕಳಿಗೆ ಕಲಿಸಿದರು.

1833ರಲ್ಲಿ ಅವರು ಪೂರ್ಣ ಪ್ರಮಾಣದ ಅಧ್ಯಾಪಕರಾದರು. ತಾವು ಕುಳಿತ ಬೆಂಚುಗಳ ಎದುರಿಗೇ ನಿಂತು ಪಾಠ ಹೇಳುವ ಯೋಗ ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರಿಗೂ ಒದಗಿದೆ. ಅದರ ಭಾರವೂ ಸಂತೋಷವೂ ಎಂತಹದೆಂದು ಅವರು ಬಲ್ಲರು. ಮಕ್ಕಳಿಗಾಗಿ ಗಣಿತದ ಪ್ರಾಥಮಿಕ ಪುಸ್ತಕವೊಂದನ್ನೂ ಬ್ರೈಲ್ ಬರೆದರು. ಕ್ಷಯರೋಗ ಅವರನ್ನು ಎಳೆಯ ಪ್ರಾಯದಲ್ಲಿಯೇ ಹಿಡಿದಿತ್ತು. ರೋಗ ಬಲಿತಂತೆ ಇತರ ವಿಷಯಗಳ ಪಾಠವನ್ನು ಬಿಡಬೇಕಾಗಿ ಬಂದಾಗಲೂ ಸಂಗೀತದ ಪಾಠವನ್ನು ಉಳಿಸಿಕೊಂಡರು.

ಈಗ ನಮ್ಮ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇವೆ. 1840ರಲ್ಲಿ ಶಾಲೆಯ ನಿರ್ದೇಶಕರು ಬದಲಾದರು. ಬ್ರೈಲರಿಗೆ ಬೆಂಬಲವಾಗಿದ್ದ ಪಿನಿಯೇ ಅವರ ಸ್ಥಾನಕ್ಕೆ ದ್ಯುಫೋ ಎಂಬವರು ಬಂದರು. ಹೊಸ ನಿರ್ದೇಶಕರು ಚುಕ್ಕಿಗಳ ಲಿಪಿಗೆ ನಿಷೇಧ ಹಾಕಿದರು. ಅವರನ್ನು ದುಷ್ಟರೆಂದು ಚಿತ್ರಿಸುವುದು ಸುಲಭ. ಆದರೆ ಅವರ ಪಕ್ಷದ ವಾದವು ಮೇಲ್ನೋಟಕ್ಕೆ ಮಕ್ಕಳ ಹಿತದ್ದೇ ಆಗಿತ್ತು. ಅಂಧರಿಗೆ ಅವರದೇ ಪ್ರತ್ಯೇಕ ಲಿಪಿಯಾದರೆ ಅವರು ಲೋಕದಿಂದ ದೂರವಾಗಿ ಉಳಿದುಬಿಡುತ್ತಾರೆ. ಎಲ್ಲರೂ ಓದುವ ಅಕ್ಷರವನ್ನೇ, ಎಷ್ಟೇ ಕಷ್ಟವಾಗಲಿ, ಅವರೂ ಓದಲಿ ಎಂಬುದು ಆ ವಾದ. ನಿಷೇಧವಿದ್ದರೂ ಮಕ್ಕಳು ಗುಟ್ಟಾಗಿ ಚುಕ್ಕಿಗಳಲ್ಲಿ ಬರೆಯುತ್ತಲೇ ಇದ್ದರು. ಅವರ ಬೆರಳಿಗೆ ಒಗ್ಗಿದ ಬರವಣಿಗೆ ಅದೊಂದೇ ಆಗಿತ್ತು. 1844ರ ಫೆಬ್ರವರಿಯಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯ ದಿನ ಜೋಸೆಫ್ ಗ್ವಾದೆ ಎಂಬ ಅಧ್ಯಾಪಕರು ಆ ಲಿಪಿಯ ಹಿರಿಮೆಯನ್ನು ತುಂಬಿದ ಸಭೆಯಲ್ಲಿ ವಿವರಿಸಿದರು. ಮಕ್ಕಳು ಅದರಲ್ಲಿ ಬರೆದು, ಓದಿ ತೋರಿಸಿದರು. ನಿಷೇಧ ಅಲ್ಲಿಗೆ ಮುಗಿಯಿತು.

ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಅವರು ಲೋಕದಿಂದ ಹಿಂದುಳಿಯುವರೆಂಬ ಮಾತನ್ನು ಇಂದು ನಮ್ಮ ರಕ್ಷಕರು ಎಷ್ಟು ಕಡೆ ಕೇಳುತ್ತಿದ್ದಾರೆ! 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಈ ನೆಲದಲ್ಲಿ ಕನ್ನಡ ಶಾಲೆಯೆಂಬುದು ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ಹೊಸದಾಗಿ ಗೆಲ್ಲಬೇಕಾದ ವಿಷಯವಾಗಿದೆ. ಮಲಯಾಳ ಬಾರದಿದ್ದರೆ ಕಚೇರಿಯಲ್ಲಿ ಕಷ್ಟ, ಇಂಗ್ಲಿಷ್ ಬಾರದಿದ್ದರೆ ಉದ್ಯೋಗದಲ್ಲಿ ಕಷ್ಟ ಎಂಬ ರಕ್ಷಕರ ಚಿಂತೆ ನ್ಯಾಯವಾದುದು. ನಾವು ಅದನ್ನು ಅಲ್ಲಗಳೆಯುವುದಿಲ್ಲ.

ಈ ಚಿಂತೆಗೆ ಲೂಯಿ ಬ್ರೈಲರ ಬದುಕಿನಲ್ಲಿಯೇ ಒಂದು ಉತ್ತರವಿದೆ. ತಮ್ಮ ಲಿಪಿ ಸಿದ್ಧವಾಯಿತೆಂದು ಅವರು ಕಣ್ಣುಳ್ಳವರ ಲಿಪಿಯನ್ನು ದೂರ ತಳ್ಳಲಿಲ್ಲ. 1839ರಲ್ಲಿ ಅವರು ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಚುಕ್ಕಿಗಳನ್ನು ಲೆಕ್ಕದಂತೆ ಜೋಡಿಸಿ ಸಾಮಾನ್ಯ ಲ್ಯಾಟಿನ್ ಅಕ್ಷರಗಳ ಆಕಾರವನ್ನೇ ಮೂಡಿಸುವ ವಿಧಾನವದು. ಅದರಿಂದ ಅಂಧ ಮಗನು ಕಣ್ಣುಳ್ಳ ತಾಯಿಗೆ ತಾನೇ ಕಾಗದ ಬರೆಯುವಂತಾಯಿತು. ಅದೇ ಶಾಲೆಯಲ್ಲಿ ಓದಿದ ಪಿಯೇರ್ ಫುಕೋ ಎಂಬ ಅಂಧ ಗೆಳೆಯರು ಆ ಕೆಲಸಕ್ಕೊಂದು ಯಂತ್ರವನ್ನೂ ರಚಿಸಿಕೊಟ್ಟರು. ತನ್ನ ಲಿಪಿಯಲ್ಲಿ ಚೆನ್ನಾಗಿ ಓದಿ ಯೋಚಿಸಲು ಕಲಿತವನು ನೆರೆಯವರ ಲಿಪಿಗೂ ಸೇತುವೆ ಕಟ್ಟಬಲ್ಲನೆಂಬುದನ್ನು ಅವರು ಮಾಡಿಯೇ ತೋರಿಸಿದರು. ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಮಾತಾಡಿ, ಶಾಲೆಯಲ್ಲಿ ಕನ್ನಡದಲ್ಲಿ ಕಲಿಯುವವರು. ಅವರಿಗೆ ಹಲವು ಭಾಷೆ ಹೊರೆಯಲ್ಲ. ಯೋಚಿಸುವುದಕ್ಕೆ ಗಟ್ಟಿಯಾದ ಒಂದು ನೆಲೆ ಬೇಕು, ಅಷ್ಟೆ.

ಬ್ರೈಲ್ 1852ರ ಜನವರಿ 6ರಂದು, 43 ವರ್ಷ ತುಂಬಿದ ಎರಡೇ ದಿನಕ್ಕೆ, ತೀರಿಕೊಂಡರು. ಫ್ರಾನ್ಸ್ ದೇಶ ಅವರ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ. ನೂರು ವರ್ಷ ಕಳೆದು 1952ರಲ್ಲಿ ಅವರ ಅಸ್ಥಿಯನ್ನು ರಾಷ್ಟ್ರದ ಮಹನೀಯರ ಸಮಾಧಿಗಳಿರುವ ಪ್ಯಾರಿಸ್ಸಿನ ಪಾಂಥೆಯೋನಿಗೆ ಒಯ್ದರು. ಕೈಗಳನ್ನು ಮಾತ್ರ ಹುಟ್ಟೂರಾದ ಕೂವ್ರೆಯಲ್ಲಿ ಉಳಿಸಿಕೊಂಡರು. ಅವರು ಕಲಿಸಿದ ಶಾಲೆಯಲ್ಲಿ ಸಂಗೀತ ನಿಲ್ಲಲಿಲ್ಲ. ಮುಂದಿನ ಶತಮಾನದಲ್ಲಿ ಅಲ್ಲಿಯೇ ಓದಿದ ಅಂಧ ಸಂಗೀತಗಾರ ಝಾಂ ಲಾಂಗ್ಲೆ 1945ರಿಂದ ನಾಲ್ಕು ದಶಕ ಪ್ಯಾರಿಸ್ಸಿನ ಸೇಂಟ್ ಕ್ಲೋತಿಲ್ದ್ ಚರ್ಚಿನ ಆರ್ಗನ್ ವಾದಕರಾಗಿದ್ದರು. ನಮ್ಮ ಕನ್ನಡ ನಾಡಿನಲ್ಲಿಯೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ, ಸ್ವತಃ ಅಂಧರಾಗಿದ್ದು, ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಜೊತೆಯಾಗಿಯೇ ಬಡಿಸಿದ್ದನ್ನು ಇಲ್ಲಿ ಗೌರವದಿಂದ ಸ್ಮರಿಸುತ್ತೇವೆ.

ಕೊನೆಯದಾಗಿ ಒಂದು ವಿಷಯ. ಸ್ವಾತಂತ್ರ್ಯದ ಬಳಿಕ, 1951ರಲ್ಲಿ, ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮದ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡದ ‘ಕ’ ಅಕ್ಷರಕ್ಕೆ ಎಡಸಾಲಿನ ಮೊದಲ ಮತ್ತು ಮೂರನೆಯ ಚುಕ್ಕಿ. ಮಲಯಾಳದ ‘ಕ’ ಅಕ್ಷರಕ್ಕೂ, ಹಿಂದಿಯ ‘ಕ’ ಅಕ್ಷರಕ್ಕೂ ಅವೇ ಎರಡು ಚುಕ್ಕಿಗಳು. ಕಣ್ಣಿಗೆ ಬೇರೆಯಾಗಿ ಕಾಣುವ ನೆರೆಹೊರೆಯ ಅಕ್ಷರಗಳು ಬೆರಳಿಗೆ ಒಂದೇ. ಹಾಗಿದ್ದೂ ಕನ್ನಡದ ಪುಸ್ತಕ ಕನ್ನಡವಾಗಿಯೇ, ಮಲಯಾಳದ ಪುಸ್ತಕ ಮಲಯಾಳವಾಗಿಯೇ ಉಳಿಯುತ್ತದೆ. ಗಡಿನಾಡಿನಲ್ಲಿ ಬಾಳುವ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೆ?

ಹೊಸ ಶತಮಾನಕ್ಕೆ ಕಾಲಿಡುವ ಈ ಹೊತ್ತಿನಲ್ಲಿ ನಮ್ಮ ಕೋರಿಕೆ ದೊಡ್ಡದಲ್ಲ. ನಿಷೇಧದ ಕಾಲದಲ್ಲಿ ಒಂದು ಲಿಪಿಯನ್ನು ಉಳಿಸಿದ್ದು ಅದರಲ್ಲಿ ದಿನವೂ ಬರೆದ ಮಕ್ಕಳು. ನಮ್ಮ ಅಕ್ಷರ ಉಳಿಯುವುದೂ ಬಳಕೆಯಿಂದಲೇ. ರಕ್ಷಕರು ಮಕ್ಕಳೊಡನೆ ದಿನಕ್ಕೊಂದು ಪುಟ ಕನ್ನಡ ಓದಲಿ. ಹಳೆವಿದ್ಯಾರ್ಥಿಗಳು ತಮ್ಮ ಮಕ್ಕಳ, ಮೊಮ್ಮಕ್ಕಳ ಹೆಸರನ್ನು ಈ ಶಾಲೆಯ ದಾಖಲೆ ಪುಸ್ತಕದಲ್ಲಿ ಬರೆಸಲಿ. ಶಿಕ್ಷಕರಾದ ನಾವು, ಹಾಡಿನ ತರಗತಿಯನ್ನೂ ಭಾಗವತಿಕೆಯ ತರಗತಿಯನ್ನೂ ಪರೀಕ್ಷೆಯ ನೆಪದಲ್ಲಿ ಮೊಟಕುಗೊಳಿಸದೆ ನಡೆಸುತ್ತೇವೆಂದು ಈ ಸಭೆಯ ಮುಂದೆ ಮಾತು ಕೊಡುತ್ತೇವೆ.