ಫೆಬ್ರುವರಿಯ ಮುನ್ನೂರು ರೂಪಾಯಿ



ಓಝರಿನ ಎಚ್.ಎ.ಎಲ್.ನಲ್ಲಿ, ನಾಸಿಕ್ ರೋಡಿನ ನೋಟು ಮುದ್ರಣಾಲಯದಲ್ಲಿ, ಸಾತಪುರ, ಅಂಬಡದ ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರು ಈ ಸಭೆಯಲ್ಲಿದ್ದೀರಿ. ಛತ್ರಪತಿ ಸಂಭಾಜಿನಗರದ ವಾಳೂಜ್ ಕಡೆಯಿಂದ ಬಂದವರೂ ಇದ್ದೀರಿ. ನಿಮ್ಮ ಸಂಬಳದ ಚೀಟಿಯಲ್ಲಿ ವೃತ್ತಿ ತೆರಿಗೆ ಅಂತ ತಿಂಗಳಿಗೆ 200 ರೂಪಾಯಿ ಹಿಡಿಯುತ್ತಾರೆ. ಫೆಬ್ರುವರಿಯಲ್ಲಿ ಮಾತ್ರ 300. ಸಂವಿಧಾನದ 276ನೇ ವಿಧಿ ಈ ತೆರಿಗೆ ವರ್ಷಕ್ಕೆ 2,500 ರೂಪಾಯಿ ಮೀರಬಾರದು ಎನ್ನುತ್ತದೆ. ಹನ್ನೊಂದು ತಿಂಗಳು ಇನ್ನೂರರಂತೆ ಹಿಡಿದು, ಮಿಕ್ಕ ಮುನ್ನೂರನ್ನು ವರ್ಷದ ಕೊನೆಗೆ ಹಿಡಿದರೆ ಲೆಕ್ಕ ಸರಿಹೋಗುತ್ತದೆ. ಕರ್ನಾಟಕವೂ 2025ರಲ್ಲಿ ಇದೇ ದಾರಿ ಹಿಡಿದಿದೆ.

ಆದರೆ ಮಹಾರಾಷ್ಟ್ರದಲ್ಲಿ ಈ ದುಡ್ಡು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕಾಯ್ದೆಯೇ ಬರೆದಿಟ್ಟಿದೆ. 1975ರ ವೃತ್ತಿ ತೆರಿಗೆ ಕಾಯ್ದೆಯ ಪ್ರಕಾರ, ವಸೂಲಿಯ ಖರ್ಚು ಕಳೆದು ಉಳಿದದ್ದೆಲ್ಲ ಉದ್ಯೋಗ ಖಾತರಿ ನಿಧಿಗೆ ಸೇರಬೇಕು. ಅಂದರೆ ಪೇಠ, ಸುರಗಾಣೆಯ ಆದಿವಾಸಿ ಹಳ್ಳಿಯಲ್ಲಿ, ಪೈಠಣ, ವೈಜಾಪುರದ ಒಣನೆಲದಲ್ಲಿ ಮಣ್ಣು ಹೊರುವ ಹೆಣ್ಣುಮಗಳ ಕೂಲಿಗೆ. ಅವಳಿಗೂ ನಮಗೂ ಇಂಥದೊಂದು ನೇರವಾದ ನಂಟಿದೆ ಅನ್ನುವುದು ಇಲ್ಲಿ ಹತ್ತಾರು ವರ್ಷ ಬಾಳಿದ ನಮ್ಮವರಲ್ಲೂ ಅನೇಕರಿಗೆ ಗೊತ್ತಿಲ್ಲ. ಇವತ್ತು ನಾನು ಈ ವಿಷಯ ಎತ್ತಿಕೊಂಡದ್ದು ಅದಕ್ಕೇ.

ಈ ಉದ್ಯೋಗ ಖಾತರಿಯ ಕಥೆ ಶುರುವಾಗುವುದು ನಮ್ಮ ಕರ್ನಾಟಕದ ಗಡಿಯ ಹತ್ತಿರವೇ. ಕನ್ನಡ ಮಾತಾಡುವ ಜತ್ತ ಇರುವ ಅದೇ ಸಾಂಗ್ಲಿ ಜಿಲ್ಲೆಯ ತಾಸಗಾಂವ್ ತಾಲೂಕಿನ ವಿಸಾಪುರದಲ್ಲಿ 1965ರಲ್ಲಿ ಒಂದು ಪ್ರಯೋಗ ನಡೆಯಿತು. ಕೆಲಸ ಕೇಳಿ ಬಂದವರಿಗೆಲ್ಲ ಊರ ಹತ್ತಿರವೇ ಕೆಲಸ ಕೊಡುವುದು. ಇದರ ಹಿಂದಿದ್ದವರು ವಿ. ಸ. ಪಾಗೆ, ಆಗ ವಿಧಾನ ಪರಿಷತ್ತಿನ ಸಭಾಪತಿ. 1972ರಲ್ಲಿ ಮುಖ್ಯಮಂತ್ರಿ ವಸಂತರಾವ್ ನಾಯಕರ ಸರ್ಕಾರ ಅದನ್ನು ರಾಜ್ಯದ ಯೋಜನೆಯಾಗಿ ತೆಗೆದುಕೊಂಡಿತು. ಅದೇ ಹೊತ್ತಿಗೆ ಬರಗಾಲ ಬಂತು.

ಮರಾಠವಾಡಾದ ಹಿರಿಯರು ಈಗಲೂ ಅದನ್ನು 'ಬಹಾತ್ತರಚಾ ದುಷ್ಕಾಳ', ಅಂದರೆ ಎಪ್ಪತ್ತೆರಡರ ಬರ, ಅನ್ನುತ್ತಾರೆ. ಜಲ್ಲಿ ಒಡೆಯುವ ಕೆಲಸ, ರಸ್ತೆ ಬದಿಯ ಗುಡಿಸಲು, ಕೂಲಿಯ ಜೊತೆ ಹಂಚಿದ ಸುಖಡಿ ಎಂಬ ತಿನಿಸು, ಹೊರದೇಶದಿಂದ ಬಂದ ಕೆಂಪು ಜೋಳ ಮಿಲೋ. 1973ರ ಬೇಸಿಗೆಯಲ್ಲಿ ಬರ ಪರಿಹಾರದ ಕಾಮಗಾರಿಗಳಲ್ಲಿ ಒಂದೇ ಕಾಲಕ್ಕೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಇಷ್ಟು ಜನರಿಗೆ ಕೆಲಸ ಕೊಡಲು ಸರ್ಕಾರದ ಕೈಯಲ್ಲಿ ಆಗುತ್ತದೆ ಅನ್ನುವುದು ಆಗ ಕಣ್ಣೆದುರೇ ಸಾಬೀತಾಯಿತು. ಬರದಲ್ಲಿ ಆಗುವುದಾದರೆ ಪ್ರತಿ ವರ್ಷದ ಬೇಸಿಗೆಯಲ್ಲಿ ಏಕಾಗದು ಎಂದು ಜನ ಕೇಳಿದರು. ಆ ಪ್ರಶ್ನೆಯ ಒತ್ತಡದಲ್ಲೇ ಕಾಯ್ದೆ ರೂಪುಗೊಂಡಿತು. 1977ರ ಮಹಾರಾಷ್ಟ್ರ ಉದ್ಯೋಗ ಖಾತರಿ ಕಾಯ್ದೆ 1979ರ ಜನವರಿ 26ರಂದು ಜಾರಿಗೆ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾಮಾನ್ಯವಾಗಿ ಸರ್ಕಾರದ ಯೋಜನೆ ಹೇಗೆ ನಡೆಯುತ್ತದೆ? ಮೊದಲು ಬಜೆಟ್ಟಿನಲ್ಲಿ ಇಷ್ಟು ಕೋಟಿ ಎಂದು ಇಡುತ್ತಾರೆ. ಆಮೇಲೆ ಆ ಹಣಕ್ಕೆ ಸಾಲುವಷ್ಟು ಫಲಾನುಭವಿಗಳನ್ನು ಆರಿಸುತ್ತಾರೆ. ದುಡ್ಡು ಮುಗಿದರೆ 'ಮುಂದಿನ ವರ್ಷ ಬನ್ನಿ'. ಈ ಕಾಯ್ದೆ ಆ ಕ್ರಮವನ್ನೇ ತಿರುಗಿಸಿತು. ಗ್ರಾಮೀಣ ಪ್ರದೇಶದ ಯಾವ ವಯಸ್ಕರೇ ಆಗಲಿ ಕೈಕೆಲಸ ಬೇಕು ಎಂದರೆ 15 ದಿನದೊಳಗೆ ಕೊಡಬೇಕು, ಕೊಡಲಾಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಕೇಳುವವರು ಎಷ್ಟಿದ್ದಾರೋ ಅದಕ್ಕೆ ತಕ್ಕಂತೆ ಬಜೆಟ್ಟು ಹಿಗ್ಗಬೇಕು. ಹಿಗ್ಗಿಸಲು ಹಣವೆಲ್ಲಿ? ವೃತ್ತಿ ತೆರಿಗೆ, ಮೋಟಾರು ವಾಹನದ ಮೇಲಿನ ಹೆಚ್ಚುವರಿ ತೆರಿಗೆ, ನೀರಾವರಿ ಜಮೀನಿನ ಮೇಲಿನ ಕರ, ಹೀಗೆ ಕೆಲವು ಮೂಲಗಳನ್ನು ಗೊತ್ತುಮಾಡಿದರು. ಅವುಗಳಿಂದ ಬಂದಷ್ಟನ್ನೇ ರಾಜ್ಯವೂ ತನ್ನ ಬೊಕ್ಕಸದಿಂದ ಸೇರಿಸಬೇಕೆಂದೂ ಬರೆದರು. ಹಕ್ಕು ಮತ್ತು ಅದರ ಹಣ, ಎರಡನ್ನೂ ಶಾಸನದಲ್ಲೇ ಕಟ್ಟಿಹಾಕಿದ ಈ ಕೆಲಸ ನಮ್ಮ ಶಾಸನಸಭೆಗಳ ಇತಿಹಾಸದಲ್ಲಿ ಬಹಳ ದೊಡ್ಡದು ಎಂದು ನನ್ನ ದೃಢವಾದ ನಂಬಿಕೆ.

ಈ ಯೋಜನೆಯಿಂದ ಇಂಗು ಕೆರೆಗಳು, ಬದುಗಳು, ಹಳ್ಳಿ ರಸ್ತೆಗಳು ಆದವು. ದುಡಿದವರಲ್ಲಿ ಹೆಂಗಸರ ಪಾಲು ದೊಡ್ಡದಿತ್ತು. ಅಳತೆಯ ಮೇಲೆ ಕೂಲಿಯಾದ್ದರಿಂದ ಗಂಡಿಗೊಂದು ದರ, ಹೆಣ್ಣಿಗೊಂದು ದರ ಇರಲಿಲ್ಲ. ಹೊಲದ ಕೂಲಿಯಲ್ಲಿ ಅಂಥ ಸಮಾನತೆ ಆಗ ಎಲ್ಲಿತ್ತು? 1990ರಿಂದ ಹಣ್ಣಿನ ತೋಟ ಹಾಕುವುದನ್ನೂ ಈ ಯೋಜನೆಗೆ ಸೇರಿಸಿದರು. ಮಹಾರಾಷ್ಟ್ರದ ದಾಳಿಂಬೆ, ಮಾವು, ಮೋಸಂಬಿ ತೋಟಗಳ ಬೆಳವಣಿಗೆಗೆ ಅದು ಇಂಬು ಕೊಟ್ಟಿತು. ಒಳ್ಳೆಯದೇ. ಆದರೆ ತೋಟ ಉಳಿಯುವುದು ಭೂಮಿ ಇದ್ದವನಿಗೆ. ಭೂಮಿ ಇಲ್ಲದವಳಿಗೆ ಗುಂಡಿ ತೋಡಿದ ಕೂಲಿ ಅಷ್ಟೇ. ಯೋಜನೆ ಯಾರಿಗಾಗಿ ಹುಟ್ಟಿತೋ ಅವರಿಂದ ಒಂದು ಹೆಜ್ಜೆ ದೂರ ಸರಿಯಿತು ಎಂದು ನನಗೆ ಅನ್ನಿಸುತ್ತದೆ.

ಇನ್ನೂ ದೊಡ್ಡ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು. 1988ರಲ್ಲಿ ಕೂಲಿ ಸುಮಾರು ಎರಡರಷ್ಟಾಯಿತು. ನ್ಯಾಯವಾದ ಏರಿಕೆಯೇ. ಆದರೆ ಆಮೇಲೆ ಕೆಲಸಗಳನ್ನು ತೆರೆಯುವುದೇ ಕಡಿಮೆಯಾಯಿತು. ಮಾರ್ಟಿನ್ ರವಾಲಿಯನ್, ಗೌರವ್ ದತ್ ಮತ್ತು ಶುಭಂ ಚೌಧುರಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸವನ್ನು ಕೇಳಿದವರಿಗೆಲ್ಲ ಕೊಡದೆ ಅಳೆದು ಹಂಚಲಾಗುತ್ತಿದೆ ಎಂಬುದನ್ನು ಎತ್ತಿ ತೋರಿಸಿದರು. ಅತ್ತ ತೊಂಬತ್ತರ ದಶಕದಲ್ಲಿ ಉದ್ಯೋಗ ಖಾತರಿಯ ಹೆಸರಿನಲ್ಲಿ ಬಂದ ತೆರಿಗೆ ಅದರ ಕೆಲಸಗಳಿಗೆ ಆದ ಖರ್ಚಿಗಿಂತ ಹೆಚ್ಚಿತ್ತು. ತೆರಿಗೆ ಮೊದಲು ರಾಜ್ಯದ ಸಂಚಿತ ನಿಧಿಗೆ ಹೋಗುತ್ತದೆ. ಅಲ್ಲಿಂದ ಖಾತರಿ ನಿಧಿಗೆ ಸಾಗಬೇಕಾದರೆ ಸದನ ಧನವಿನಿಯೋಗಕ್ಕೆ ಒಪ್ಪಿಗೆ ಕೊಡಬೇಕು. ಆ ನಡುವಿನ ಹೆಜ್ಜೆಯಲ್ಲೇ ಹಣಕಾಸು ಇಲಾಖೆಯ ಕೈ ಇರುತ್ತದೆ. ಕಾಯ್ದೆ ಎಷ್ಟು ಗಟ್ಟಿಯಾಗಿದ್ದರೂ ವರ್ಷವರ್ಷವೂ ಸದನದಲ್ಲಿ ಎದ್ದು ಕೇಳುವವರಿಲ್ಲದಿದ್ದರೆ ಹಣ ಅಲ್ಲೇ ಉಳಿಯುತ್ತದೆ.

2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಮಾಡಿದಾಗ ಅದರ ಮುಂದಿದ್ದ ಮಾದರಿ ಮಹಾರಾಷ್ಟ್ರದ್ದು. ಅದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಎಂದಿತು. ಮಹಾರಾಷ್ಟ್ರದಲ್ಲಿ ಅದಕ್ಕೂ ಮೀರಿ ಕೆಲಸ ಕೇಳಿದರೆ ಖರ್ಚು ರಾಜ್ಯದ್ದಾಗಿತ್ತು.

ಈಗಿನ ಸಂಗತಿಯೊಂದರ ಜೊತೆ ಇಟ್ಟು ನೋಡಿ. 2024ರಲ್ಲಿ ಮಹಾರಾಷ್ಟ್ರದಲ್ಲಿ 'ಲಾಡಕೀ ಬಹೀಣ' ಯೋಜನೆ ಬಂತು, ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ. ನಮ್ಮ ಕರ್ನಾಟಕದ ಗೃಹಲಕ್ಷ್ಮಿ 2023ರದು, 2,000 ರೂಪಾಯಿ. ಎಷ್ಟೋ ಮನೆಗಳ ಒಲೆ ಈ ಹಣದಿಂದ ಉರಿಯುತ್ತಿದೆ, ನಾನು ಅದನ್ನು ಹಗುರಾಗಿ ಕಾಣುವವನಲ್ಲ. ಆದರೆ ಇವೆರಡೂ ನಿಂತಿರುವುದು ಸರ್ಕಾರದ ಆದೇಶದ ಮೇಲೆ, ಇಲ್ಲಿಯವರು ಹೇಳುವ ಜಿ.ಆರ್. ಮೇಲೆ. ಆದೇಶವನ್ನು ಇನ್ನೊಂದು ಆದೇಶ ಬದಲಿಸಬಹುದು, ಅರ್ಹತೆಯನ್ನು ಬಿಗಿ ಮಾಡಬಹುದು, ಕಂತು ತಡವಾದರೆ ಕಾಯಬೇಕಷ್ಟೆ. ಕಾಯ್ದೆಯನ್ನು ಬದಲಿಸಲು ಸದನಕ್ಕೆ ಬರಬೇಕು, ಎಲ್ಲರೆದುರು ಕಾರಣ ಹೇಳಬೇಕು.

ಕೊನೆಗೆ ಹಳ್ಳಿಯ ಕಚೇರಿಯ ಮಾತು. ಕೆಲಸ ಬೇಡುವ ಅರ್ಜಿಗೆ ಇಲ್ಲಿ 'ನಮುನಾ 4' ಅನ್ನುತ್ತಾರೆ. ಅದನ್ನು ಕೊಟ್ಟಾಗ ತಾರೀಖು ಹಾಕಿದ ರಸೀತಿ ಕೊಡಬೇಕು, ಅದು 'ನಮುನಾ 5'. ಹದಿನೈದು ದಿನದ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ. ರಸೀತಿ ಕೊಡದಿದ್ದರೆ ಕೇಳಿದ್ದೇ ದಾಖಲೆಯಾಗುವುದಿಲ್ಲ, ಭತ್ಯೆ ಹುಟ್ಟುವುದಿಲ್ಲ, ಬೇಡಿಕೆ ಇಲ್ಲ ಎಂದು ಮೇಲಿನವರು ಬರೆದುಕೊಳ್ಳುತ್ತಾರೆ, ಮುಂದಿನ ಬಜೆಟ್ಟು ಕುಗ್ಗುತ್ತದೆ. ನಿಮ್ಮ ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ತ್ರ್ಯಂಬಕದ ಕಡೆಯಿಂದ ಬರುವವರನ್ನು ಕೇಳಿ: ಊರಲ್ಲಿ ಅರ್ಜಿ ಕೊಟ್ಟಿರಾ, ರಸೀತಿ ಸಿಕ್ಕಿತಾ? ಸಿಕ್ಕಿಲ್ಲವೆಂದರೆ ಮರಾಠಿಯಲ್ಲಿ ಒಂದು ಅರ್ಜಿ ಬರೆದುಕೊಡುವಷ್ಟು ಓದಿದವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಆ ಕೂಲಿಯಲ್ಲಿ ನಿಮ್ಮ ದುಡ್ಡೂ ಇದೆ.